ಮೋರಿಯರ ಮನೆಗಳನ್ನು ನೋಡುವ ಬಗೆ

ಐಹೊಳೆಯ ಮೇಗುಟಿ ಗುಡ್ಡವನ್ನು ಹತ್ತುವವರು ಸಾಮಾನ್ಯವಾಗಿ ರವಿಕೀರ್ತಿಯ ಶಾಸನವನ್ನು ನೋಡಲು ಹೋಗುತ್ತಾರೆ. ಕ್ರಿ. ಶ. ೬೩೪ರ ಆ ಶಾಸನ ಇಮ್ಮಡಿ ಪುಲಕೇಶಿಯ ಕಾಲವನ್ನು ಖಚಿತವಾಗಿ ತಿಳಿಸುತ್ತದೆ. ಅದಿರುವ ಜಿನಾಲಯ ಕಾಲನಿರ್ದೇಶವುಳ್ಳ ನಮ್ಮ ಹಳೆಯ ಗುಡಿಗಳಲ್ಲಿ ಒಂದು. ಶಾಸನವನ್ನು ಕಂಡು, ಗುಡಿಯನ್ನು ಒಂದು ಸುತ್ತು ಬಂದು, ಕೆಳಗಿನ ಊರನ್ನೂ ಮಲಪ್ರಭೆಯನ್ನೂ ದಿಟ್ಟಿಸಿ ಜನ ಗುಡ್ಡವನ್ನಿಳಿಯುತ್ತಾರೆ. ಗುಡಿಯ ಹಿಂಬದಿಗೆ ಕೆಲವು ಹೆಜ್ಜೆ ನಡೆದರೆ ಅದೇ ಗುಡ್ಡದ ನೆತ್ತಿಯ ಮೇಲೆ ಒರಟಾದ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿದ ಸಣ್ಣ ಕಲ್ಮನೆಗಳು ಹಲವಾರು ಇವೆ. ಅವುಗಳ ಮುಂದೆ ನಿಲ್ಲುವವರು ವಿರಳ. ಜಿನಾಲಯವನ್ನು ಕಟ್ಟಿದ ಶಿಲ್ಪಿಗಳು ಗುಡ್ಡಕ್ಕೆ ಬಂದಾಗಲೇ ಅವು ಶತಮಾನಗಳಷ್ಟು ಹಳೆಯವಾಗಿದ್ದುವು.

ಅಕ್ಷರವಿರುವ ಕಲ್ಲಿಗೆ ನಾವು ಸಲ್ಲಿಸುವ ಗೌರವವನ್ನು ಅಕ್ಷರವಿಲ್ಲದ ಕಲ್ಲಿಗೆ ಸಲ್ಲಿಸುವುದಿಲ್ಲ. ಇದು ಸಹಜವೇ. ಶಾಸನ ತಾನಾಗಿ ಮಾತನಾಡುತ್ತದೆ. ಕಲ್ಮನೆಯಾದರೋ ನೋಡುವವನು ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತದೆ. ಶಾಸನದ ಕಲ್ಲನ್ನು ಬೇರೆಡೆಗೆ ಒಯ್ದರೂ ಅದರ ಪಾಠ ಬಹುಮಟ್ಟಿಗೆ ಉಳಿಯುತ್ತದೆ. ಕಲ್ಮನೆಯ ಒಂದು ಚಪ್ಪಡಿಯನ್ನು ಕದಲಿಸಿದರೆ ಅದರ ಪಾಠವೇ ಅಳಿಯುತ್ತದೆ. ಏಕೆಂದರೆ ಕಲ್ಲುಗಳು ನಿಂತ ಸ್ಥಾನವೇ ಅಲ್ಲಿ ಅಕ್ಷರ. ಇಂಥ ನೆಲೆಗಳಿಗೆ ಹೋಗುವವರು ಏನನ್ನು ನೋಡಬೇಕು, ಹೇಗೆ ನೋಡಬೇಕು, ಏನನ್ನು ಮಾಡಬಾರದು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ವಿಭಾಗದ ವಿದ್ಯಾರ್ಥಿಗಳಿಗಾಗಿಯೂ, ಹಳ್ಳಿಗಾಡಿನಲ್ಲಿ ಕೆಲಸದಲ್ಲಿರುವ ಶಾಲಾ ಉಪಾಧ್ಯಾಯರು ಮೊದಲಾದ ಆಸಕ್ತರಿಗಾಗಿಯೂ ಇದನ್ನು ಬರೆದಿದ್ದೇವೆ.

ಹೆಸರು ಮತ್ತು ಕಥೆ

ಈ ರಚನೆಗಳನ್ನು ವಿದ್ವಾಂಸರು ಬೃಹತ್ ಶಿಲಾ ಸಮಾಧಿಗಳೆಂದು ಕರೆಯುತ್ತಾರೆ. ಹಳ್ಳಿಯ ಜನಕ್ಕೆ ಈ ಹೆಸರು ತಿಳಿಯದು. ಅವರಲ್ಲಿ ಬೇರೆ ಹೆಸರುಗಳಿವೆ. ಕೊಪ್ಪಳ, ಬಳ್ಳಾರಿ ಸೀಮೆಗಳಲ್ಲಿ ಇವು ‘ಮೋರಿಯರ ಮನೆ’ಗಳು, ಅವಿರುವ ಗುಡ್ಡ ‘ಮೋರೇರ ಗುಡ್ಡ’. ಬೇರೆ ಕಡೆಗಳಲ್ಲಿ ಪಾಂಡವರು ವನವಾಸಕಾಲದಲ್ಲಿ ಕಟ್ಟಿಕೊಂಡ ಮನೆಗಳೆಂಬ ಪ್ರತೀತಿಯುಂಟು. ಮೋರಿಯರು ಮೂರಡಿ ಎತ್ತರದ ಗಿಡ್ಡ ಜನರೆಂದೂ, ತಮ್ಮ ಮೈಗೆ ತಕ್ಕಂತೆ ಮನೆಗಳನ್ನು ಕಟ್ಟಿಕೊಂಡರೆಂದೂ ಹಿರಿಯರು ಹೇಳುತ್ತಾರೆ.

ಈ ಕಥೆಯನ್ನು ನಕ್ಕು ಬಿಡತಕ್ಕುದಲ್ಲ. ಕಲ್ಮನೆಯ ಒಂದು ಗೋಡೆಯಲ್ಲಿ ದುಂಡಾದ ಕಿಂಡಿಯೊಂದನ್ನು ಕೊರೆದಿರುವುದುಂಟು. ಅದರಲ್ಲಿ ಬೆಳೆದ ಮನುಷ್ಯ ಕಷ್ಟಪಟ್ಟು ತೂರಬಹುದು, ಕೆಲವೆಡೆ ಅದೂ ಆಗದು. ಮನೆಯೆಂದ ಮೇಲೆ ಬಾಗಿಲು ಬೇಕು. ಬಾಗಿಲು ಇಷ್ಟು ಚಿಕ್ಕದಾದರೆ ಅದರಲ್ಲಿ ಬಾಳಿದವರೂ ಚಿಕ್ಕವರಾಗಿರಬೇಕು. ಕಣ್ಣಿಗೆ ಕಂಡ ಸಂಗತಿಯಿಂದ ಕಾರಣವನ್ನು ಊಹಿಸುವ ಈ ಕ್ರಮ ನಮ್ಮ ಕ್ರಮವೇ ಆಗಿದೆ. ತಪ್ಪಿರುವುದು ‘ಮನೆ’ ಎಂಬ ಮೊದಲ ಹೆಜ್ಜೆಯಲ್ಲಿ ಮಾತ್ರ.

ಮೋರಿಯರೆಂದರೆ ಮೌರ್ಯರೇ ಎಂದು ಕೆಲವರು ಊಹಿಸಿದ್ದಾರೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ, ಮಸ್ಕಿಯಲ್ಲಿಯೂ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಶೋಕನ ಶಾಸನಗಳು ದೊರೆತಿರುವುದರಿಂದ ಈ ಊಹೆಗೆ ಆಸ್ಪದವುಂಟಾಯಿತು. ಆದರೆ ಇಂಥ ಸಮಾಧಿಗಳನ್ನು ಕಟ್ಟುವ ಪದ್ಧತಿ ಅಶೋಕನಿಗಿಂತ ಶತಮಾನಗಳ ಹಿಂದೆಯೇ ಮೊದಲಾಗಿದ್ದಿತು. ಹೆಸರು ಕಟ್ಟಿದವರನ್ನು ತಿಳಿಸುವುದಿಲ್ಲ. ಕಟ್ಟಿದವರನ್ನು ಮರೆತ ಮೇಲೆ ಬಂದ ಜನ ಅವರನ್ನು ಹೇಗೆ ಕಲ್ಪಿಸಿಕೊಂಡರೆಂಬುದನ್ನು ತಿಳಿಸುತ್ತದೆ. ಆದರೂ ಹೆಸರಿನಿಂದ ಇನ್ನೊಂದು ಪ್ರಯೋಜನವಿದೆ. ಊರಿನ ನಕ್ಷೆಯಲ್ಲಿ ಕಾಣದ ನೆಲೆ ಊರಿನವರ ಬಾಯಲ್ಲಿ ಉಳಿದಿರುತ್ತದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಎತ್ತರವಾದ ನಿಲಸುಗಲ್ಲುಗಳಿರುವ ಹಳ್ಳಿಯ ಹೆಸರೇ ನಿಲಸ್ಕಲ್. ಆದುದರಿಂದ ಹೊಸ ಊರಿಗೆ ಹೋದಾಗ ‘ಇಲ್ಲಿ ಬೃಹತ್ ಶಿಲಾ ಸಮಾಧಿಗಳಿವೆಯೇ?’ ಎಂದು ಕೇಳಬಾರದು, ‘ಮೋರಿಯರ ಮನೆಗಳಿವೆಯೇ? ಪಾಂಡವರ ಗುಡ್ಡವೆಂಬುದುಂಟೇ?’ ಎಂದು ಕೇಳಬೇಕು. ಕುರಿ ಮೇಯಿಸುವವರಷ್ಟು ಚೆನ್ನಾಗಿ ಗುಡ್ಡವನ್ನು ಬಲ್ಲವರು ಬೇರೆ ಇಲ್ಲ.

ಮುಖ್ಯ ಬಗೆಗಳು

ನೋಡುವ ಮೊದಲು ಬಗೆಗಳನ್ನು ತಿಳಿದಿರುವುದು ಅವಶ್ಯಕ. ಅತ್ಯಂತ ಸಾಮಾನ್ಯವಾದುದು ಶಿಲಾವೃತ್ತ. ದೊಡ್ಡ ಗುಂಡುಕಲ್ಲುಗಳನ್ನು ಬಳೆಯಂತೆ ಸುತ್ತಲೂ ಜೋಡಿಸಿ, ನಡುವೆ ಕಲ್ಲುಮಣ್ಣುಗಳನ್ನು ಗುಪ್ಪೆಹಾಕಿರುತ್ತಾರೆ. ಅದರ ಕೆಳಗೆ ಬರಿಯ ಗುಂಡಿಯಿರಬಹುದು. ಇಲ್ಲವೆ ಚಪ್ಪಡಿಗಳಿಂದ ಕಟ್ಟಿದ ಪೆಟ್ಟಿಗೆಯಂಥ ನೆಲಕೋಣೆಯಿರಬಹುದು. ಇದೇ ಕೋಣೆ ನೆಲದ ಮೇಲೆ ಎದ್ದು ನಿಂತರೆ ಅದು ಕಲ್ಮನೆ. ಒಂಟಿಯಾಗಿ ಇಲ್ಲವೆ ಗುಂಪಾಗಿ ನೆಟ್ಟ ಎತ್ತರವಾದ ಕಲ್ಲು ನಿಲಸುಗಲ್ಲು. ಬಂಡೆಗುಂಡುಗಳನ್ನು ಬಯಲಿನಲ್ಲಿ ಸಾಲುಸಾಲಾಗಿ ಇಟ್ಟಿರುವುದು ಕಲ್ಲುಸಾಲು. ಯಾದಗಿರಿ ಜಿಲ್ಲೆಯ ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಇದನ್ನು ನೋಡಬಹುದು. ಕೆಲವೆಡೆ ಗುಂಡಿಯೊಳಗೆ ಕಾಲುಗಳುಳ್ಳ ಸುಟ್ಟ ಮಣ್ಣಿನ ಶವಪೆಟ್ಟಿಗೆಗಳೂ ದೊರೆತಿವೆ.

ಇವುಗಳೊಡನೆ ಗೊಂದಲ ಮಾಡಿಕೊಳ್ಳಬಾರದ ಕಲ್ಲುಗಳೂ ನಮ್ಮ ಹಳ್ಳಿಗಳಲ್ಲಿ ಬಹಳವಿವೆ. ಊರ ನಡುವೆ ನೆಟ್ಟು ಪೂಜಿಸುವ ಕರುಗಲ್ಲು, ಹೊಲದೆಲ್ಲೆಯ ಗಡಿಗಲ್ಲು, ಲಿಂಗಮುದ್ರೆಯ ಕಲ್ಲು, ವೀರಗಲ್ಲು, ಮಾಸ್ತಿಕಲ್ಲು ಇವೆಲ್ಲ ಬಹುಕಾಲದ ಅನಂತರದವು. ಇವುಗಳಲ್ಲಿ ಹಲವಕ್ಕೆ ಕೆತ್ತನೆ ಅಥವಾ ಬರಹವಿರುತ್ತದೆ. ಸಮಾಧಿಯ ಚಪ್ಪಡಿಗೆ ಸಾಮಾನ್ಯವಾಗಿ ನಯಗೆಲಸವಿರುವುದಿಲ್ಲ. ಅಂಚು ಒಡೆದಂತೆ ಅಂಕುಡೊಂಕಾಗಿರುತ್ತದೆ. ಚಪ್ಪಡಿಯ ಅಂಚಿನಲ್ಲಿ ಒಂದೇ ಅಂತರದಲ್ಲಿ ಸಾಲಾಗಿ ಬೆಣೆಗುಳಿಗಳು ಕಂಡರೆ ಅದು ಹಿಂದಿನವರ ಕೆಲಸವಲ್ಲ. ವಿಜಯನಗರದ ಕಾಲದ ಅಥವಾ ಇತ್ತೀಚಿನ ಕಲ್ಲುಕುಟಿಗರು ಬಂಡೆಯನ್ನು ಸೀಳಿದ ಗುರುತು. ಹಳೆಯ ಸಮಾಧಿಯ ಕಲ್ಲಿನಲ್ಲಿ ಅಂಥ ಗುಳಿಗಳನ್ನು ಕಂಡರೆ ಮುಂದೆಂದೋ ಯಾರೋ ಆ ಕಲ್ಲನ್ನು ಒಡೆದೊಯ್ಯಲು ಮೊದಲುಮಾಡಿದ್ದರೆಂದು ತಿಳಿಯಬೇಕು.

ಬ್ರಹ್ಮಗಿರಿಯ ಪಾಠ

ಸ್ಥಾನವೇ ಅಕ್ಷರವೆಂದೆವು. ಈ ಮಾತಿಗೆ ಬ್ರಹ್ಮಗಿರಿಗಿಂತ ಒಳ್ಳೆಯ ನಿದರ್ಶನವಿಲ್ಲ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನವನ್ನು ಇಲ್ಲಿ ಪತ್ತೆಮಾಡಿದ ಮೇಲೆ ಈ ನೆಲೆ ಪ್ರಸಿದ್ಧವಾಯಿತು. ಮೈಸೂರಿನ ಎಂ. ಎಚ್. ಕೃಷ್ಣ ಅವರು ಇಲ್ಲಿ ಮೊದಲು ಅಗೆತ ನಡೆಸಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಊರಿನ ದಿಬ್ಬವನ್ನೂ, ಹತ್ತಿರದ ಸಮಾಧಿಗಳಲ್ಲಿ ಹತ್ತನ್ನೂ ಶೋಧಿಸಿದರು.

ಅಲ್ಲಿ ಬೆಳಕಿಗೆ ಬಂದ ನೆಲಕೋಣೆಯ ರಚನೆ ಹೀಗಿದೆ. ಮೊದಲು ನೆಲದಲ್ಲಿ ಗುಂಡಿಯನ್ನು ತೋಡಿ, ನಾಲ್ಕು ಕಡೆಗೂ ಕಣಶಿಲೆಯ ಚಪ್ಪಡಿಗಳನ್ನು ನಿಲ್ಲಿಸಿದರು. ಒಂದೊಂದು ಚಪ್ಪಡಿಯೂ ಪಕ್ಕದ ಚಪ್ಪಡಿಯ ತುದಿಯನ್ನು ದಾಟಿ ಮುಂದಕ್ಕೆ ಚಾಚಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ ಕಾಣುತ್ತದೆ. ಇದು ಅಲಂಕಾರವಲ್ಲ. ಹೊರಗಿನ ಮಣ್ಣಿನ ಒತ್ತಡ ಚಪ್ಪಡಿಯನ್ನು ಒಳಕ್ಕೆ ತಳ್ಳಿದಷ್ಟೂ ಅದು ಪಕ್ಕದ ಚಪ್ಪಡಿಗೆ ಆತು ಭದ್ರವಾಗುತ್ತದೆ. ಗಾರೆಯ ಅವಶ್ಯಕತೆಯೇ ಇಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡು ಕಿಂಡಿ, ಮೇಲೆ ಮುಚ್ಚುಗಲ್ಲು, ಸುತ್ತಲೂ ಶಿಲಾವೃತ್ತ. ಒಳಗೆ ದೊರೆತುದು ಇಡಿಯ ದೇಹಗಳಲ್ಲ, ಒಂದಕ್ಕಿಂತ ಹೆಚ್ಚು ಜನರ ಬಿಡಿ ಎಲುಬುಗಳು. ದೇಹವನ್ನು ಮೊದಲು ಬೇರೆಡೆಯಲ್ಲಿಟ್ಟು, ಮಾಂಸ ಕರಗಿದ ಮೇಲೆ ಎಲುಬುಗಳನ್ನು ತಂದು ಇಲ್ಲಿ ಸೇರಿಸಿರಬೇಕು. ಕಿಂಡಿಯ ಪ್ರಯೋಜನವೇನೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಚ್ಚುಗಲ್ಲನ್ನು ಮತ್ತೆ ಎತ್ತದೆ, ಮನೆತನದ ಇನ್ನೊಬ್ಬರ ಅಸ್ಥಿಯನ್ನು ಅದರ ಮೂಲಕ ಒಳಗಿಡಬಹುದು. ಗಿಡ್ಡ ಮೋರಿಯರ ಬಾಗಿಲೆಂದು ಜನ ಭಾವಿಸಿದುದು ಸತ್ತವರ ಬಾಗಿಲಾಗಿದ್ದಿತು.

ಎಲುಬುಗಳೊಡನೆ ಕಬ್ಬಿಣದ ಆಯುಧಗಳೂ ಉಪಕರಣಗಳೂ, ಕಪ್ಪು ಕೆಂಪು ಬಣ್ಣದ ಮಡಕೆಗಳೂ ಇದ್ದುವು. ಈ ಮಡಕೆಯ ಒಳಗೂ ಬಾಯಂಚಿನ ಹೊರಗೂ ಕಪ್ಪು, ಉಳಿದ ಮೈ ಕೆಂಪು. ಮಡಕೆಯನ್ನು ಬೋರಲಾಗಿಟ್ಟು ಸುಟ್ಟಾಗ ಗಾಳಿ ತಗಲದ ಭಾಗ ಕಪ್ಪಾಗುತ್ತದೆ, ಗಾಳಿ ತಗಲಿದ ಭಾಗ ಕೆಂಪಾಗುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಮಳೆಗೆ ಕೊರೆದ ಗುಪ್ಪೆಗಳ ಅಂಚಿನಲ್ಲಿ ಇಂಥ ಬೋಕಿಗಳು ಎದ್ದು ಕಾಣುತ್ತವೆ. ಸಮಾಧಿಯ ನೆಲೆಯನ್ನು ಗುರುತಿಸಲು ಇವು ಒಳ್ಳೆಯ ಸಾಕ್ಷಿ.

ಇನ್ನು ಕಾಲನಿರ್ಣಯ. ವೀಲರ್ ಅವರು ಇದಕ್ಕೆ ಮೊದಲು, ೧೯೪೫ರಲ್ಲಿ, ಪಾಂಡಿಚೇರಿಯ ಬಳಿಯ ಅರಿಕಮೇಡಿನಲ್ಲಿ ಅಗೆತ ನಡೆಸಿದ್ದರು. ಅಲ್ಲಿ ರೋಮ್ ಸಾಮ್ರಾಜ್ಯದಿಂದ ಬಂದ ಮಡಕೆಗಳ ಜೊತೆಯಲ್ಲಿ ಚಕ್ರದಿಂದ ಗೀರಿದ ಅಲಂಕಾರದ ಒಂದು ಜಾತಿಯ ತಟ್ಟೆಗಳು ದೊರೆತಿದ್ದುವು. ಆದುದರಿಂದ ಅವುಗಳ ಕಾಲ ಸುಮಾರಾಗಿ ಗೊತ್ತಿದ್ದಿತು. ಅದೇ ಜಾತಿಯ ಬೋಕಿಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ದೊರೆತವು. ಅದಕ್ಕೂ ಕೆಳಗೆ ಸಮಾಧಿ ಕಟ್ಟಿದವರ ಪದರ, ಅದಕ್ಕೂ ಕೆಳಗೆ ಕಲ್ಲುಕೊಡಲಿಯ ಜನರ ಪದರ. ಹೀಗೆ ಮೇಲಿನಿಂದ ಕೆಳಕ್ಕೆ ಲೆಕ್ಕ ಹಾಕಿ ಸಮಾಧಿಗಳ ಕಾಲವನ್ನು ಕ್ರಿ. ಪೂ. ೨೦೦ರಿಂದ ಕ್ರಿ. ಶ. ಮೊದಲ ಶತಮಾನದ ಮಧ್ಯದವರೆಗೆಂದು ಅವರು ಸೂಚಿಸಿದರು. ಮುಂದೆ ೧೯೬೫ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಈಗಿನ ಹಾವೇರಿ ಜಿಲ್ಲೆಗೆ ಸೇರಿದ, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆತ ನಡೆಸಿದರು. ಅಲ್ಲಿ ಕಬ್ಬಿಣ ಮೊದಲು ಕಾಣಿಸಿಕೊಳ್ಳುವ ಪದರದ ಇದ್ದಿಲನ್ನು ವಿಕಿರಣ ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಕಾಲ ಸುಮಾರು ಕ್ರಿ. ಪೂ. ೧೦೦೦ ಎಂದು ತಿಳಿಯಿತು. ಕನ್ನಡ ನಾಡಿನ ಕಬ್ಬಿಣಯುಗ ಒಮ್ಮೆಗೆ ಎಂಟು ಶತಮಾನ ಹಿಂದಕ್ಕೆ ಸರಿಯಿತು.

ವೀಲರ್ ಅವರು ಎಣಿಸಿದ ವರ್ಷಗಳು ಬದಲಾದುವು, ಆದರೆ ಅವರು ಗುರುತಿಸಿದ ಪದರಗಳ ಕ್ರಮ ವ್ಯರ್ಥವಾಗಲಿಲ್ಲ. ಯಾವ ವಸ್ತು ಯಾವ ಪದರದಲ್ಲಿ, ಯಾವುದರ ಮೇಲೆ, ಯಾವುದರ ಕೆಳಗೆ ಇದ್ದಿತೆಂಬುದನ್ನು ಬರೆದಿಟ್ಟಿದ್ದುದರಿಂದಲೇ ಹೊಸ ತಿಳಿವಳಿಕೆಯ ಬೆಳಕಿನಲ್ಲಿ ಅದನ್ನು ಮರಳಿ ಓದಲು ಸಾಧ್ಯವಾಯಿತು. ಆ ಒಂದು ಹಿಡಿ ಬೋಕಿಗಳನ್ನು ಯಾರಾದರೂ ಮೊದಲೇ ಹೆಕ್ಕಿ ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಮೊದಲನೆಯ ನಿರ್ಣಯವೂ ಇರುತ್ತಿರಲಿಲ್ಲ, ಅದರ ತಿದ್ದುಪಡಿಯೂ ಇರುತ್ತಿರಲಿಲ್ಲ.

ಹಿರೇಬೆಣಕಲ್ಲಿನಲ್ಲಿ

ನಾಡಿನಲ್ಲಿ ಒಂದೇ ನೆಲೆಯನ್ನು ನೋಡಲು ಬಿಡುವಿರುವವರು ಹಿರೇಬೆಣಕಲ್ಲನ್ನು ನೋಡಬೇಕು. ಇದು ಕೊಪ್ಪಳ ಜಿಲ್ಲೆಯ ಗಂಗಾವತಿ ಪಟ್ಟಣಕ್ಕೆ ಪಶ್ಚಿಮದಲ್ಲಿ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿದೆ. ಸಮಾಧಿಗಳಿರುವುದು ಊರಿನಲ್ಲಲ್ಲ, ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಬೆಟ್ಟವನ್ನೇರಿ ಹೋಗಬೇಕು. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ಮಳೆಗಾಲ ಮುಗಿದು ಹುಲ್ಲು ಒಣಗಿದ ಮೇಲೆ, ಮಾರ್ಗಶಿರದಿಂದ ಮಾಘದವರೆಗೆ ಹೋಗಲು ಸಕಾಲ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು.

ಇಲ್ಲಿರುವ ರಚನೆಗಳ ಸಂಖ್ಯೆ ಸುಮಾರು ೪೦೦ ಎಂದು ಹಿಂದೆ ಎಣಿಸಿದ್ದುಂಟು. ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ನೆಲೆ ಸೇರಿದಾಗ ಕೊಟ್ಟ ಎಣಿಕೆ ೧೦೦೦ದಷ್ಟು. ಕುಸಿದ ಕಲ್ಲುರಾಶಿಯನ್ನೂ, ಬಂಡೆಯ ಆಸರೆಗೆ ಕಟ್ಟಿದ ಸಣ್ಣ ಗೂಡನ್ನೂ ಒಂದೊಂದಾಗಿ ಲೆಕ್ಕಕ್ಕೆ ಹಿಡಿದರೆ ಸಂಖ್ಯೆ ಏರುತ್ತದೆ. ಎಣಿಸುವ ಮುನ್ನ ಏನನ್ನು ಎಣಿಸುತ್ತೇವೆಂದು ನಿರ್ಧರಿಸಬೇಕೆಂಬ ಪಾಠವನ್ನು ವಿದ್ಯಾರ್ಥಿಗಳು ಇಲ್ಲಿ ಕಲಿಯಬಹುದು.

ಬೆಟ್ಟದ ಮೇಲಿನ ಬಯಲನ್ನು ಮುಟ್ಟಿದಾಗ ಎದುರಾಗುವ ನೋಟ ಗಂಭೀರವಾದುದು. ಆಳೆತ್ತರಕ್ಕೂ ಮಿಕ್ಕ ಕಲ್ಮನೆಗಳು ಓಣಿಯ ಮನೆಗಳಂತೆ ಒತ್ತಾಗಿ ನಿಂತಿವೆ. ಮೂರು ಕಡೆ ಚಪ್ಪಡಿ, ಕಿಂಡಿಯುಳ್ಳ ನಾಲ್ಕನೆಯದು, ಮೇಲೊಂದು ಹೊದಿಕೆ. ಮೊದಲ ನೋಟಕ್ಕೆ ಇದನ್ನು ಊರೆಂದೇ ಭ್ರಮಿಸುವಂತಿದೆ. ಮೋರಿಯರ ಕಥೆ ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ.

ಬಂದವರು ನೇರವಾಗಿ ದೊಡ್ಡ ಕಲ್ಮನೆಯ ಬಳಿಗೆ ಧಾವಿಸುವುದು ವಾಡಿಕೆ. ನಾವು ಬೇರೊಂದು ಕ್ರಮವನ್ನು ಸೂಚಿಸುತ್ತೇವೆ. ಮೊದಲು ಅಲ್ಲಿರುವ ಕೊಳದ ಬಳಿಗೆ ಹೋಗಬೇಕು. ಅದರ ಆಸುಪಾಸಿನಲ್ಲಿ ಬಂಡೆಯನ್ನು ಎಬ್ಬಿಸಿದ ಜಾಗಗಳಿವೆ. ಇಲ್ಲಿಯ ಕಣಶಿಲೆ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಏಳುವ ಸ್ವಭಾವದ್ದು. ಪ್ರಕೃತಿಯೇ ಅರ್ಧ ಬಿಡಿಸಿಟ್ಟ ಹಾಳೆಯನ್ನು ಗುರುತಿಸಿ, ಸಂದಿನಲ್ಲಿ ಮೀಟಿ, ಬೇಕಾದ ಕಡೆ ಬೆಂಕಿಯ ಕಾವನ್ನೂ ಕೊಟ್ಟು ಚಪ್ಪಡಿಯನ್ನು ಬೇರ್ಪಡಿಸಿರಬೇಕು. ಕಲ್ಲನ್ನು ಎಬ್ಬಿಸಿದ ಸ್ಥಳವನ್ನೂ ನಿಲ್ಲಿಸಿದ ಸ್ಥಳವನ್ನೂ ಒಟ್ಟಿಗೆ ಕಂಡಾಗ ಮಾತ್ರ, ಟನ್ನುಗಟ್ಟಲೆ ತೂಕದ ಹಾಳೆಯನ್ನು ಸಾಗಿಸಲು ಎಷ್ಟು ಕೈಗಳು ಕೂಡಿರಬೇಕೆಂಬುದು ಮನಸ್ಸಿಗೆ ಬರುತ್ತದೆ. ಸತ್ತವನೊಬ್ಬನಿಗಾಗಿ ಇಷ್ಟು ಜನರನ್ನು ಕೂಡಿಸಬಲ್ಲ, ಅವರಿಗೆ ಉಣಿಸಬಲ್ಲ ಸಮಾಜ ಅಲೆಮಾರಿಗಳ ಚಿಕ್ಕ ಗುಂಪಾಗಿರಲಾರದು.

ಅನಂತರ ಕಲ್ಮನೆಗಳ ನಡುವೆ ನಡೆಯಬೇಕು. ಕಿಂಡಿ ಯಾವ ದಿಕ್ಕಿಗಿದೆ? ಎಲ್ಲವೂ ಒಂದೇ ದಿಕ್ಕಿಗಿವೆಯೇ? ಚಪ್ಪಡಿಗಳ ತುದಿ ಒಂದನ್ನೊಂದು ದಾಟುವ ಕ್ರಮವೇನು? ಹಾಸುಬಂಡೆಯ ಮೇಲೆ ಗುಂಡಿ ತೋಡಲಾಗದ ಕಡೆ ಕಲ್ಲನ್ನು ಯಾವುದರ ಆನಿಕೆಯಿಂದ ನಿಲ್ಲಿಸಿದ್ದಾರೆ? ದೊಡ್ಡವೂ ಚಿಕ್ಕವೂ ಬೇರೆ ಬೇರೆ ಗುಂಪಾಗಿವೆಯೇ, ಬೆರೆತಿವೆಯೇ? ಈ ಪ್ರಶ್ನೆಗಳಿಗೆ ಉತ್ತರವನ್ನು ಬರೆದುಕೊಳ್ಳುತ್ತ ಹೋದರೆ ಎರಡು ಗಂಟೆಗಳಲ್ಲಿ ಕಲ್ಲುಗಳು ಮಾತನಾಡತೊಡಗುತ್ತವೆ.

ಸಮಾಧಿಗಳಿಂದ ತುಸು ದೂರದಲ್ಲಿ, ಎತ್ತರವಾದ ಬಂಡೆಯೊಂದರ ನೆತ್ತಿಯ ಮೇಲೆ ಅರೆಗೋಳಾಕಾರದ ಕಲ್ಲೊಂದನ್ನು ನಗಾರಿಯಂತೆ ಕೂರಿಸಿದೆ. ಬಡಿದರೆ ಇದರಿಂದ ಹೊರಡುವ ನಾದ ಬಹುದೂರ ಕೇಳಿಸುತ್ತದೆ. ಮರಣವಾರ್ತೆಯನ್ನೋ ಅಪಾಯವನ್ನೋ ಸಾರಲು ಬಳಸಿರಬಹುದೆಂಬುದು ಊಹೆ ಮಾತ್ರ. ಬಂಡೆಗಳ ಆಸರೆಗಳಲ್ಲಿ ಕೆಂಪು ಕಾವಿಯಿಂದ ಬರೆದ ಮನುಷ್ಯರ, ಪ್ರಾಣಿಗಳ ಚಿತ್ರಗಳಿವೆ. ಬಣ್ಣ ಎದ್ದು ಕಾಣಲೆಂದು ಇವುಗಳ ಮೇಲೆ ನೀರೆರಚುವವರುಂಟು. ಹೀಗೆ ಮಾಡಬಾರದು, ಪ್ರತಿಯೊಂದು ಸಲ ನೀರು ಆರುವಾಗಲೂ ಕಲ್ಲಿನ ಮೇಲೆ ಉಪ್ಪಿನ ಪೊರೆ ಕಟ್ಟುವ, ಬಣ್ಣ ಸಡಿಲುವ ಅಪಾಯವಿದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ತಾಳ್ಮೆಯಿಂದ ನಿಂತರೆ ಚಿತ್ರಗಳೂ ಕಲ್ಲಿನ ಗೀರುಗಳೂ ತಾವಾಗಿಯೇ ಕಾಣುತ್ತವೆ.

ನೋಡುವವರ ಕರ್ತವ್ಯ

ಸಲಕರಣೆಗಳು ಹೆಚ್ಚು ಬೇಕಿಲ್ಲ. ಟಿಪ್ಪಣಿ ಪುಸ್ತಕ, ಸೀಸದಕಡ್ಡಿ, ಅಳತೆಯ ಪಟ್ಟಿ, ದಿಕ್ಸೂಚಿ ಸಾಕು. ಈಗ ಎಲ್ಲರ ಕೈಯಲ್ಲಿರುವ ದೂರವಾಣಿಯಿಂದ ಛಾಯಾಚಿತ್ರವನ್ನೂ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಪಡೆಯಬಹುದು. ಚಿತ್ರ ತೆಗೆಯುವಾಗ ಅಳತೆಗಾಗಿ ಒಂದು ಕೋಲನ್ನು ಪಕ್ಕದಲ್ಲಿಡಬೇಕು. ಊರಿನ ಹಿರಿಯರು ಹೇಳಿದ ಹೆಸರನ್ನೂ ಕಥೆಯನ್ನೂ ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ದಿಕ್ಕನ್ನು ಎಚ್ಚರಿಕೆಯಿಂದ ಗುರುತಿಸಿದರೆ ಎಷ್ಟು ಲಾಭವೆಂಬುದಕ್ಕೆ ನಿಲಸ್ಕಲ್ಲೇ ಸಾಕ್ಷಿ. ಅಲ್ಲಿಯ ನಿಲಸುಗಲ್ಲುಗಳ ಸ್ಥಾನಗಳನ್ನು ಅಳೆದ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮೊದಲಾದವರು, ಕೆಲವು ಜೋಡಿ ಕಲ್ಲುಗಳು ಉತ್ತರಾಯಣ ದಕ್ಷಿಣಾಯನಗಳ ಸಂಧಿದಿನದ ಸೂರ್ಯೋದಯ ಸೂರ್ಯಾಸ್ತಗಳ ನೇರಕ್ಕಿವೆಯೆಂದು ತೋರಿಸಿದ್ದಾರೆ. ನಿಂತ ಕಲ್ಲುಗಳಲ್ಲಿ ಒಂದನ್ನು ಯಾರಾದರೂ ಕಿತ್ತು ಬೇರೆಡೆ ನೆಟ್ಟಿದ್ದರೆ ಈ ಶೋಧನೆಯೇ ಸಾಧ್ಯವಾಗುತ್ತಿರಲಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಅರಿಕೆ ಮಾಡಿಕೊಳ್ಳಬೇಕು. ನಾವು ವಿದ್ಯಾರ್ಥಿಗಳಾಗಿದ್ದಾಗ ಒಂದು ನೆಲೆಯಿಂದ ಕಪ್ಪು ಕೆಂಪು ಮಡಕೆಯ ಅಂದವಾದ ಬೋಕಿಯೊಂದನ್ನು ನೆನಪಿಗಾಗಿ ಎತ್ತಿಕೊಂಡು ಬಂದೆವು. ಅದರ ಮೇಲೆ ಮೂರು ಗೀರುಗಳ ಒಂದು ಗುರುತಿದೆ. ಯಾವ ಗುಪ್ಪೆಯ ಯಾವ ಬದಿಯಲ್ಲಿ ಅದು ಬಿದ್ದಿದ್ದಿತೆಂಬುದನ್ನು ಆಗ ಬರೆದುಕೊಳ್ಳಲಿಲ್ಲ, ಈಗ ಜ್ಞಾಪಕವಿಲ್ಲ. ಆ ಬೋಕಿ ಇಂದಿಗೂ ನಮ್ಮ ಬಳಿಯಿದೆ. ಅದನ್ನು ಯಾವ ಲೇಖನದಲ್ಲಿಯೂ ಬಳಸುವಂತಿಲ್ಲ, ಹಿಂದಕ್ಕೆ ಇಡೋಣವೆಂದರೆ ಅದರ ಸ್ಥಳವೇ ಗೊತ್ತಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಅದನ್ನು ತೋರಿಸಿ, ‘ಇದು ಸಾಕ್ಷಿಯಾಗಿದ್ದಿತು; ನಾವು ಎತ್ತಿಕೊಂಡ ಗಳಿಗೆಯಲ್ಲಿ ಬರಿಯ ಬೋಕಿಯಾಯಿತು’ ಎಂದು ಹೇಳುತ್ತೇವೆ.

ನಮ್ಮದು ಸಣ್ಣ ನಷ್ಟ. ದೊಡ್ಡ ನಷ್ಟಗಳು ಕಣ್ಣೆದುರಿಗೇ ನಡೆಯುತ್ತಿವೆ. ಒಂದು ಹಳ್ಳಿಯ ಅಂಚಿನಲ್ಲಿ ನಾವು ಅಳೆದು ನಕ್ಷೆ ಬರೆದಿದ್ದ ಶಿಲಾವೃತ್ತವೊಂದನ್ನು ಕೆಲವು ವರ್ಷಗಳ ಮೇಲೆ ಮತ್ತೆ ನೋಡಲು ಹೋದೆವು. ವೃತ್ತದ ಗುಂಡುಗಳು ಹೊಲದ ಒಡ್ಡಿಗೆ ಸೇರಿದ್ದುವು. ನಡುವೆ ನಿಧಿಯ ಆಸೆಗೆ ಯಾರೋ ತೋಡಿದ ಗುಂಡಿಯಲ್ಲಿ ಎಲುಬಿನ ಚೂರುಗಳೂ ಒಡೆದ ಮಡಕೆಗಳೂ ಚೆಲ್ಲಾಡಿದ್ದುವು. ಹೊಲದ ಯಜಮಾನರನ್ನು ದೂರುವುದು ನ್ಯಾಯವಲ್ಲ. ಆ ಕಲ್ಲುಗಳು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಳತೆ ಮಾಡಲು ಹೋಗಿದ್ದ ನಾವೂ ಹೇಳಿರಲಿಲ್ಲ. ‘ಅಂದೇ ಒಂದು ಮಾತು ಹೇಳಿದ್ದರೆ ಅಷ್ಟು ಜಾಗ ಬಿಟ್ಟು ಉಳುತ್ತಿದ್ದೆವಲ್ಲ ಸ್ವಾಮಿ’ ಎಂದು ಆ ಹಿರಿಯರು ಹೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆ ವೃತ್ತ ಈಗ ಇರುವುದು ನಮ್ಮ ನಕ್ಷೆಯ ಹಾಳೆಯಲ್ಲಿ ಮಾತ್ರ.

ಈ ಸಮಾಧಿಗಳಲ್ಲಿ ನಿಧಿಯಿರುವುದಿಲ್ಲವೆಂಬುದನ್ನು ಹಳ್ಳಿಹಳ್ಳಿಯಲ್ಲಿಯೂ ಹೇಳಬೇಕು. ಇಂಥವುಗಳನ್ನು ಅಗೆದಾಗ ದೊರೆಯುವುದು ಎಲುಬು, ಮಡಕೆ, ತುಕ್ಕುಹಿಡಿದ ಕಬ್ಬಿಣ, ಕೆಲವು ಮಣಿಗಳು. ಕಲ್ಲುಗಣಿಗಳಿಂದಾಗುವ ಹಾನಿ ಇನ್ನೂ ವಿಸ್ತಾರವಾದುದು. ಬಳ್ಳಾರಿಯ ಬಳಿಯ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ನೆಲೆಗಳೂ, ಬಂಡೆಯ ಮೇಲೆ ಕುಟ್ಟಿದ ಚಿತ್ರಗಳೂ, ಬಡಿದರೆ ಗಂಟೆಯಂತೆ ದನಿಗೊಡುವ ಕಲ್ಲುಗಳೂ ಇವೆ. ಅಲ್ಲಿಯ ಕಲ್ಲುಗಣಿ ಕೆಲಸದಿಂದ ಇವು ಅಳಿಯುತ್ತಿವೆಯೆಂದು ೨೦೦೦ದ ದಶಕದ ಮೊದಲ ವರ್ಷಗಳಲ್ಲಿಯೇ ಸಂಶೋಧಕರು ಎಚ್ಚರಿಸಬೇಕಾಯಿತು.

ಕಾನೂನಿನ ರಕ್ಷಣೆ ಇಲ್ಲದಿಲ್ಲ. ೧೯೫೮ರ ಕೇಂದ್ರ ಕಾಯಿದೆಯೂ ೧೯೬೧ರ ನಮ್ಮ ರಾಜ್ಯದ ಕಾಯಿದೆಯೂ ಸಂರಕ್ಷಿತವೆಂದು ಸಾರಿದ ನೆಲೆಗಳನ್ನು ಕೆಡಿಸುವುದನ್ನು ಅಪರಾಧವೆಂದು ಗಣಿಸುತ್ತವೆ. ೨೦೧೦ರ ತಿದ್ದುಪಡಿಯ ಮೇರೆಗೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ ೧೦೦ ಮೀಟರುಗಳೊಳಗೆ ಹೊಸ ಕಟ್ಟಡವೂ ಗಣಿ ಕೆಲಸವೂ ನಿಷಿದ್ಧ. ಅದರಾಚೆಯ ೨೦೦ ಮೀಟರು ನಿಯಂತ್ರಿತ. ಆದರೆ ಈ ರಕ್ಷಣೆ ಪಟ್ಟಿಯಲ್ಲಿರುವ ನೆಲೆಗಳಿಗೆ ಮಾತ್ರ. ಹೊಲಗಳಲ್ಲಿ, ಗೋಮಾಳಗಳಲ್ಲಿ, ಕೆರೆಯಂಗಳಗಳಲ್ಲಿ ಯಾವ ಪಟ್ಟಿಗೂ ಸೇರದೆ ಉಳಿದಿರುವ ಸಮಾಧಿಗಳನ್ನು ಕಾಯಬಲ್ಲವರು ಆಯಾ ಊರಿನವರೇ.

ಆದುದರಿಂದ ವಾಚಕರಲ್ಲಿ ನಮ್ಮ ಪ್ರಾರ್ಥನೆ ಇಷ್ಟು. ನಿಮ್ಮ ತಾಲ್ಲೂಕಿನಲ್ಲಿ ಮೋರಿಯರ ಮನೆ, ಪಾಂಡವರ ಗುಡ್ಡ, ನಿಲಸುಗಲ್ಲು ಎಂಬ ಹೆಸರು ಕಿವಿಗೆ ಬಿದ್ದರೆ ಒಮ್ಮೆ ಹೋಗಿ ನೋಡಿರಿ. ಸ್ಥಳ, ಸಂಖ್ಯೆ, ದಿಕ್ಕು, ಅಳತೆ, ಈಗಿನ ಸ್ಥಿತಿ ಈ ಐದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಪ್ರತಿಯನ್ನು ಪುರಾತತ್ತ್ವ ಇಲಾಖೆಗೂ ಇನ್ನೊಂದನ್ನು ಹತ್ತಿರದ ವಿಶ್ವವಿದ್ಯಾನಿಲಯಕ್ಕೂ ಕಳುಹಿಸಿರಿ. ಏನನ್ನೂ ಎತ್ತಬೇಡಿರಿ, ಏನನ್ನೂ ಅಗೆಯಬೇಡಿರಿ. ಹಿಂದಿರುಗುವ ಮುನ್ನ ಹೊಲದ ಯಜಮಾನರನ್ನು ಕಂಡು, ಅವರ ಹೊಲದಲ್ಲಿರುವುದು ಏನೆಂಬುದನ್ನು ತಿಳಿಸಿ ಬನ್ನಿರಿ. ನಾವು ಬಿಟ್ಟ ಕೆಲಸ ಅದೊಂದೇ. ಬಿಡಬಾರದಾಗಿದ್ದ ಕೆಲಸವೂ ಅದೇ.